ಬಿಸಿಲೂರಿನ ಆಮೆಗೆ ಮನೆಯೊಳಗೊಂದು ಗೂಡು: ಮೊದಲು ತಂಪಿನ ಮೂಲೆ ಕಟ್ಟಿ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಆಮೆ ಮರಿ ತಂದವರು ಮೊದಲು ಕೇಳುವುದು ಒಂದೇ: "ಬಿಸಿಗೆ ಯಾವ ಬಲ್ಬ್ ಹಾಕಬೇಕು?" ಕೇಳುವುದರಲ್ಲಿ ತಪ್ಪೇನಿಲ್ಲ. ಆಮೆ ಸಾಕುವ ಬಗ್ಗೆ ಸಿಗುವ ವಿಡಿಯೊಗಳು, ಬರಹಗಳು ಹೆಚ್ಚಾಗಿ ಚಳಿ ದೇಶಗಳಿಂದ ಬಂದವು. ಅವರಿಗೆ ಗೂಡನ್ನು ಬೆಚ್ಚಗಿಡುವುದೇ ದೊಡ್ಡ ಚಿಂತೆ. ನಮ್ಮಲ್ಲಿ ಏಪ್ರಿಲ್, ಮೇ ಬಂದರೆ 40 ಡಿಗ್ರಿ ದಾಟುವುದು ಮಾಮೂಲು. ಆರ್‌ಸಿಸಿ ಮನೆಯ ಮೇಲಿನ ಮಹಡಿ ರಾತ್ರಿ ಹನ್ನೊಂದಾದರೂ ಆರುವುದಿಲ್ಲ. ಈ ಸೀಮೆಯಲ್ಲಿ ಆಮೆಗೆ ಗೂಡು ಕಟ್ಟುವವರು ತಂಪಿನ ಮೂಲೆಯಿಂದ ಶುರು ಮಾಡಬೇಕು. ಬಲ್ಬಿನ ಮಾತು ಆಮೇಲೆ.

ಅದಕ್ಕೂ ಮೊದಲು ಯಾವ ಆಮೆ ಅನ್ನುವುದು ಇತ್ಯರ್ಥವಾಗಬೇಕು. ದರೋಜಿ ಸುತ್ತಿನ ಕುರುಚಲು ಕಾಡಿನಲ್ಲಿ ಕಾಣುವ ನಕ್ಷತ್ರ ಆಮೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆದ ಮೇಲೆ ಅದು ಮೊದಲನೇ ಅನುಸೂಚಿಯಲ್ಲಿದೆ. ಅಂದರೆ ಹುಲಿಗೆ ಎಷ್ಟು ರಕ್ಷಣೆಯೋ ಅದಕ್ಕೂ ಅಷ್ಟೇ. ತಪ್ಪಿದರೆ ಜೈಲು ಶಿಕ್ಷೆ 3ರಿಂದ 7 ವರ್ಷ. ಲಕ್ಷ್ಮಿ ಬರುತ್ತಾಳೆ, ಅದೃಷ್ಟ ಖುಲಾಯಿಸುತ್ತದೆ ಅಂತ ಕದ್ದು ಮಾರುವವರಿದ್ದಾರೆ. ದಯವಿಟ್ಟು ಕೊಳ್ಳಬೇಡಿ. ಕೆರೆ, ಕಾಲುವೆಯಲ್ಲಿ ಸಿಗುವ ನಮ್ಮ ನಾಡಿನ ನೀರಾಮೆಗಳನ್ನೂ ತಂದು ಸಾಕುವಂತಿಲ್ಲ. ಹೊಲದಲ್ಲಿ ಗಾಯಗೊಂಡ ಆಮೆ ಸಿಕ್ಕರೆ ಹತ್ತಿರದ ಅರಣ್ಯ ಕಚೇರಿಗೆ ತಿಳಿಸಿ.

ಕಾನೂನಿನ ಪ್ರಕಾರ ಸಾಕಬಹುದಾದದ್ದು ಹೊರದೇಶದ ಕೆಲವು ಜಾತಿಗಳು. ಅವುಗಳಲ್ಲಿ ನಮ್ಮ ಕಡೆ ಹೆಚ್ಚು ಕೇಳಿಬರುವುದು ಸಲ್ಕಾಟಾ ಎಂಬ ನೆಲದ ಆಮೆ. ಆಫ್ರಿಕಾದಲ್ಲಿ ಸಹಾರಾ ಮರುಭೂಮಿಯ ತೆಂಕಣ ಅಂಚಿಗಿರುವ ಸಹೇಲ್ ಎಂಬ ಒಣ ಪಟ್ಟಿ ಅದರ ತವರು. ಕಾಡಿನ ಪ್ರಾಣಿ, ಸಸ್ಯಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸೈಟ್ಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿ ಇದು ಇದೆ. ಹಾಗಾಗಿ 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಕಡ್ಡಾಯ. ಮಾರುವವನ ಹತ್ತಿರ ಕಾಗದಪತ್ರ ಇಲ್ಲವೆಂದರೆ ಅಲ್ಲಿಂದ ಎದ್ದು ಬನ್ನಿ. ಇನ್ನೊಂದು ವಿಷಯ. ಅಂಗೈಯಲ್ಲಿ ಕೂರುವ ಈ ಮರಿ ಬೆಳೆದರೆ ಚಿಪ್ಪೇ ಎರಡು, ಎರಡೂವರೆ ಅಡಿ ಆಗುತ್ತದೆ. ತೂಕ 40–50 ಕೆಜಿ. ಆಯಸ್ಸು 50 ವರ್ಷ ದಾಟುತ್ತದೆ. ಮನೆಯೊಳಗಿನ ಗೂಡು ಅದರ ಮೊದಲ ಕೆಲವು ವರ್ಷಕ್ಕೆ ಮಾತ್ರ. ಕಾಗೆ, ಹದ್ದು, ಬೆಕ್ಕು, ಮುಂಗುಸಿಗಳಿಂದ ಮರಿಯನ್ನು ಕಾಪಾಡುವುದಕ್ಕೆ ಆ ಕೆಲವು ವರ್ಷ ಗೂಡು ಬೇಕೇ ಬೇಕು.

ಮರುಭೂಮಿ ಪ್ರಾಣಿ ಅಲ್ವಾ, ಬಿಸಿಲಿಗೆ ಯಾಕೆ ಹೆದರಬೇಕು?

ಈ ಮಾತು ಎಲ್ಲರ ಬಾಯಲ್ಲೂ ಬರುತ್ತದೆ. ನೋಡೋಕೆ ಸರಿ ಅನ್ನಿಸುತ್ತದೆ. ಆದರೆ ಸಹೇಲ್‌ನ ಬಿಸಿಲಲ್ಲಿ ಸಲ್ಕಾಟಾ ಬದುಕುವುದು ಬಿಸಿಲಿಗೆ ಮೈಯೊಡ್ಡಿ ಅಲ್ಲ. ಅದು ನೆಲದೊಳಗೆ ಹತ್ತಾರು ಅಡಿ ಉದ್ದದ ಬಿಲ ತೋಡುತ್ತದೆ. ಸುಡುವ ಹೊತ್ತನ್ನೆಲ್ಲ ಅದರೊಳಗೇ ಕಳೆಯುತ್ತದೆ. ಹೊರಗೆ ಗಾಳಿ ಒಣಗಿ ನೆಲ ಬಿರುಕು ಬಿಡುವಂತಿದ್ದರೂ ಬಿಲದ ಒಳಗೆ ಮಣ್ಣು ತಂಪು, ಗಾಳಿಯಲ್ಲಿ ಪಸೆ. ಮರಿಗಳಂತೂ ಮೊದಲ ವರ್ಷಗಳಲ್ಲಿ ಹೊರಗೆ ಕಾಣುವುದೇ ಕಮ್ಮಿ. ನಾವು ಮರಿಯನ್ನು ತಂದು ಒಣ ಪೆಟ್ಟಿಗೆಯಲ್ಲಿ, ಬಲ್ಬಿನ ಕೆಳಗೆ ಇಟ್ಟರೆ ಅದಕ್ಕೆ ಸಹೇಲ್‌ನ ಬಿಸಿಲನ್ನು ಕೊಟ್ಟು ಬಿಲವನ್ನು ಕಿತ್ತುಕೊಂಡ ಹಾಗಾಯಿತು.

ಆಮೆಯ ಮೈ ನಮ್ಮ ಹಾಗೆ ತನ್ನೊಳಗೇ ಬಿಸಿಯನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಬೆಚ್ಚಗಾಗಬೇಕೆಂದರೆ ಬಿಸಿ ಜಾಗಕ್ಕೆ ಹೋಗಬೇಕು. ತಣ್ಣಗಾಗಬೇಕೆಂದರೆ ತಂಪು ಜಾಗಕ್ಕೆ ಸರಿಯಬೇಕು. ಅದು ಬೆವರುವುದೂ ಇಲ್ಲ. ಚಳಿಗಾಲದಲ್ಲಿ ಒಲೆ ಮುಂದೆ ಕೂತವರು ಸಾಕಾದಾಗ ಹಿಂದೆ ಸರಿಯುತ್ತಾರಲ್ಲ, ಆಮೆಯ ಇಡೀ ದಿನ ಹಾಗೇ. ಹಿಂದೆ ಸರಿಯಲು ಜಾಗ ಇರಬೇಕು, ಅಷ್ಟೇ. ಅದಕ್ಕೇ ಗೂಡಿನಲ್ಲಿ ಒಂದೇ ತಾಪಮಾನ ಇರಬಾರದು. ಒಂದು ತುದಿಯಲ್ಲಿ ಮೈ ಕಾಯಿಸಿಕೊಳ್ಳುವ ಜಾಗ, ಅಲ್ಲಿ ಕಲ್ಲಿನ ಮೇಲ್ಮೈ 35ರಿಂದ 38 ಡಿಗ್ರಿ. ಇನ್ನೊಂದು ತುದಿ 26ರಿಂದ 28. ನಡುವೆ ನಿಧಾನಕ್ಕೆ ಇಳಿಯುತ್ತ ಹೋಗಬೇಕು. ಎಲ್ಲಿ ಎಷ್ಟು ಹೊತ್ತು ಇರಬೇಕು ಅನ್ನುವುದನ್ನು ಆಮೆಯೇ ತೀರ್ಮಾನಿಸುತ್ತದೆ.

ತಾಪ ಮಿತಿ ಮೀರಿದಾಗ ಸಲ್ಕಾಟಾ ಜೊಲ್ಲು ಸುರಿಸಿ, ಅದನ್ನು ಮುಂಗಾಲಿಗೆ ಬಳಿದುಕೊಳ್ಳುತ್ತದೆ. ಅದು ತಣ್ಣಗಾಗಲು ಅದರ ಕೊನೆಯ ಉಪಾಯ. ಬಾಯಲ್ಲಿ ನೊರೆ ಕಂಡರೆ ತಡ ಮಾಡಬೇಡಿ. ನೆರಳಿಗೆ ಒಯ್ದು, ಸಾಧಾರಣ ತಂಪಿನ ನೀರಲ್ಲಿ ಕಾಲು ಮುಳುಗುವಷ್ಟು ಇಡಿ. ಐಸ್ ನೀರು ಬೇಡ.

ಜಾಗ ಮತ್ತು ಪೆಟ್ಟಿಗೆ

ಮೊದಲು ಕೋಣೆ ಆರಿಸಿ. ಪಡುವಣ ಗೋಡೆಗೆ ತಾಗಿದ ಜಾಗ ಬೇಡ, ಸಂಜೆಯ ಬಿಸಿಲು ಆ ಗೋಡೆಯನ್ನು ರಾತ್ರಿಯವರೆಗೂ ಸುಡುತ್ತದೆ. ಮೇಲಿನ ಮಹಡಿ ಬೇಡ. ಕೆಳಮನೆಯ ಬಡಗಣ ಅಥವಾ ಮೂಡಣ ಬದಿಯ ಕೋಣೆ ಒಳ್ಳೆಯದು. ಹಳ್ಳಿಯಲ್ಲಿ ಮಣ್ಣಿನ ಮಾಳಿಗೆ ಮನೆ ಇನ್ನೂ ಉಳಿದಿದ್ದರೆ ಅದಕ್ಕಿಂತ ಬೇರೆ ಬೇಡ. ಆ ದಪ್ಪ ಗೋಡೆ, ಮಣ್ಣಿನ ಸೂರು ಮಾಡುವ ಕೆಲಸವನ್ನು ಯಾವ ಮಷೀನೂ ಅಷ್ಟು ಚೆನ್ನಾಗಿ ಮಾಡುವುದಿಲ್ಲ. ಅಡುಗೆ ಮನೆಯ ಹತ್ತಿರ, ಅಗರಬತ್ತಿ ಹೊಗೆ ಆಡುವ ದೇವರ ಕೋಣೆಯ ಹತ್ತಿರ ಬೇಡ.

ಮೀನಿನ ಗಾಜಿನ ತೊಟ್ಟಿ ಚೆಂದ ಕಾಣುತ್ತದೆ, ಆದರೆ ಆಮೆಗೆ ಒಗ್ಗುವುದಿಲ್ಲ. ಗಾಜಿನ ಆಚೆ ಜಾಗ ಕಾಣುತ್ತದೆ, ಹೋಗಲು ಆಗುವುದಿಲ್ಲ. ಗಾಜು ಎಂದರೇನು ಅಂತ ಅದಕ್ಕೆ ತಿಳಿಯುವುದಿಲ್ಲ. ದಿನವಿಡೀ ಮೂತಿಯನ್ನು ಒತ್ತುತ್ತ, ಕಾಲು ಕೆರೆಯುತ್ತ ಕಂಗಾಲಾಗುತ್ತದೆ. ಅದೂ ಅಲ್ಲದೆ ಆಳವಾದ ಗಾಜಿನ ತೊಟ್ಟಿಯೊಳಗೆ ಗಾಳಿ ಆಡುವುದಿಲ್ಲ, ಬಿಸಿ ಒಳಗೇ ನಿಲ್ಲುತ್ತದೆ. ಆಚೆ ಕಾಣದ ಗೋಡೆ, ತೆರೆದ ಮೇಲ್ಭಾಗ. ನಮಗೆ ಬೇಕಾದದ್ದು ಅದು.

ಅಳತೆಗೆ ಒಂದು ಲೆಕ್ಕ ಇಟ್ಟುಕೊಳ್ಳಿ: ಉದ್ದ ಚಿಪ್ಪಿನ ಎಂಟರಷ್ಟು, ಅಗಲ ನಾಲ್ಕರಷ್ಟು. ಚಿಪ್ಪು 6 ಇಂಚು ಆಗುವವರೆಗೆ 4 ಅಡಿ ಉದ್ದ, 2 ಅಡಿ ಅಗಲ ಸಾಕು. ಗೋಡೆ ಒಂದೂವರೆ ಅಡಿ ಇರಲಿ, ಯಾಕಂದ್ರೆ ಅದರಲ್ಲಿ ಐದು ಇಂಚು ಮಣ್ಣು ತುಂಬುತ್ತದೆ. ಈ ಅಳತೆ ಒಂದೇ ಒಂದು 8x4 ಪ್ಲೈವುಡ್ ಶೀಟ್‌ನಲ್ಲಿ ಆಗುತ್ತದೆ. ಶೀಟನ್ನು ನಡುವೆ ಕೊಯ್ದು 4x4ರ ಎರಡು ತುಂಡು ಮಾಡಿಸಿ. ಒಂದರಲ್ಲಿ ತಳ ಮತ್ತು ಒಂದು ಉದ್ದ ಗೋಡೆ ಬರುತ್ತದೆ. ಇನ್ನೊಂದರಲ್ಲಿ ಎರಡನೇ ಉದ್ದ ಗೋಡೆ ಮತ್ತು ಎರಡೂ ಅಡ್ಡ ಗೋಡೆ. ಆಮೇಲೂ 4 ಅಡಿ ಉದ್ದದ, ಒಂದಡಿ ಅಗಲದ ಪಟ್ಟಿ ಉಳಿಯುತ್ತದೆ. ಅದನ್ನು ಮುಕ್ಕೋನವಾಗಿ ಕತ್ತರಿಸಿ ನಾಲ್ಕೂ ಮೂಲೆಯ ಮೇಲೆ ಹೊಡೆಸಿ. ಆಮೆಗಳು ಹತ್ತಿ ತಪ್ಪಿಸಿಕೊಳ್ಳುವುದು ಮೂಲೆಯಿಂದಲೇ. ಎರಡು ಗೋಡೆಗೆ ಒಂದೊಂದು ಕಾಲು ಕೊಟ್ಟು ಮೇಲೇರುತ್ತವೆ, ಇಲ್ಲವೆಂದರೆ ಅಂಗಾತ ಬೀಳುತ್ತವೆ.

ಪ್ಲೈವುಡ್ 18 ಅಥವಾ 19 ಎಂಎಂ ಇರಲಿ, ನೀರು ತಡೆಯುವ ಬಿಡಬ್ಲ್ಯುಪಿ ದರ್ಜೆಯದು ತರಬೇಕು. ಒಳಗೆ ದಪ್ಪ ಟಾರ್ಪಾಲಿನ್ ಅಥವಾ ಕೃಷಿ ಹೊಂಡಕ್ಕೆ ಹಾಸುವ ಶೀಟನ್ನು ಎಂಟು ಇಂಚು ಎತ್ತರದವರೆಗೆ ಮಡಚಿ, ಅದರ ಅಂಚನ್ನು ಪಟ್ಟಿ ಹೊಡೆದು ಮುಚ್ಚಿ. ವಾರ್ನಿಶ್ ಬಳಿದರೆ ವಾಸನೆ ಪೂರ್ತಿ ಹೋಗುವವರೆಗೆ ಬಿಸಿಲಲ್ಲಿ ಒಣಗಿಸಿ. ನಿಮ್ಮ ಮೂಗಿಗೆ ಸ್ವಲ್ಪವಾದರೂ ಬಡಿದರೆ ಆಮೆಗೆ ಜಾಸ್ತಿಯೇ ಬಡಿಯುತ್ತದೆ, ಅದು ನೆಲಕ್ಕೆ ಅಷ್ಟು ಹತ್ತಿರ ಉಸಿರಾಡುತ್ತದೆ. ಮಣ್ಣು ತುಂಬಿದ ಮೇಲೆ ಪೆಟ್ಟಿಗೆ 90 ಕೆಜಿಗೂ ಹೆಚ್ಚು ತೂಗಬಹುದು. ಆದ್ದರಿಂದ ಟೀಪಾಯ್ ಮೇಲೆ ಇಡುವ ಯೋಚನೆ ಬೇಡ. ನೆಲದ ಮೇಲೆ ಇಟ್ಟಿಗೆ ಜೋಡಿಸಿ ಅದರ ಮೇಲಿಡಿ. ಕೆಳಗೆ ಗಾಳಿ ಆಡುತ್ತದೆ, ಗೆದ್ದಲು ಹತ್ತಿದರೆ ಕಣ್ಣಿಗೆ ಬೀಳುತ್ತದೆ.

ವರಾಂಡದಲ್ಲಿ ಕಾಯಂ ಜಾಗ ಇದ್ದರೆ ಪ್ಲೈವುಡ್ಡೇ ಬೇಕಂತಿಲ್ಲ. ಇಟ್ಟಿಗೆಯಲ್ಲಿ ಮೂರು ಗೋಡೆ ಕಟ್ಟಿ, ತಳಕ್ಕೆ ಶಹಾಬಾದ್ ಕಲ್ಲು ಹಾಸಿದರೆ ಬೇಸಿಗೆಗೆ ಅದೇ ಮೇಲು. ಬೆಕ್ಕು ಬರದ ಹಾಗೆ ಮೇಲೆ ಜಾಲರಿ ಬೇಕು.

ನೆಲಹಾಸು: ಇಡೀ ಗೂಡಿನ ಜೀವ ಇದೇ

ಗೂಡಿನಲ್ಲಿ ಅತಿ ಹೆಚ್ಚು ತಪ್ಪಾಗುವುದು ಇಲ್ಲಿ. ಸುಮ್ನೆ ಹಳೇ ಪೇಪರ್ ಹಾಸಿದರೆ ಕಾಲು ಜಾರಿ ಜಾರಿ ಮರಿಯ ಕಾಲು ಅಗಲವಾಗುತ್ತವೆ. ಬರೀ ಮರಳು ಹಾಕಿದರೆ ಸೊಪ್ಪಿನ ಜೊತೆ ಹೊಟ್ಟೆಗೆ ಹೋಗಿ ಕರುಳಲ್ಲಿ ಕಟ್ಟಿಕೊಳ್ಳುತ್ತದೆ. ಗಂಗಾವತಿ, ಸಿಂಧನೂರು ಕಡೆ ರೈಸ್ ಮಿಲ್ಲಿನ ಭತ್ತದ ಹೊಟ್ಟು ಬೇಕಾದಷ್ಟು ಸಿಗುತ್ತದೆ, ಕೋಳಿ ಫಾರಂಗೆ ಹಾಕುತ್ತಾರಲ್ಲ ಅಂತ ಅದನ್ನೇ ತರಬೇಡಿ. ಅದರ ಅಂಚು ಚೂಪು, ದೂಳು ಕಣ್ಣಿಗೆ ಹೋಗುತ್ತದೆ, ಒದ್ದೆಯಾದರೆ ಬೂಸ್ಟು ಹಿಡಿಯುತ್ತದೆ. ಎರೆಮಣ್ಣು ಒದ್ದೆಯಾದರೆ ಅಂಟು, ಒಣಗಿದರೆ ಕಲ್ಲು.

ಸರಿಯಾದದ್ದು ಅರ್ಧ ಕೆಂಪು ಮಣ್ಣು, ಅರ್ಧ ತೆಂಗಿನ ನಾರಿನ ಪುಡಿ. ನರ್ಸರಿಯಲ್ಲಿ ಕೋಕೋಪೀಟ್ ಅಂತ ಇಟ್ಟಿಗೆಯ ಹಾಗೆ ಒತ್ತಿ ಮಾರುತ್ತಾರೆ, 5 ಕೆಜಿಯ ಒಂದು ಇಟ್ಟಿಗೆ ಈ ಪೆಟ್ಟಿಗೆಗೆ ಧಾರಾಳ. ಮಣ್ಣನ್ನು ಎಲ್ಲಿಂದ ತರುತ್ತೀರಿ ಅನ್ನುವುದು ನಮ್ಮ ಜಿಲ್ಲೆಗಳಲ್ಲಿ ಬಹಳ ಮುಖ್ಯ. ಹತ್ತಿ, ಮೆಣಸಿನಕಾಯಿ, ಭತ್ತದ ಹೊಲಗಳಿಗೆ ಎಷ್ಟು ಔಷಧಿ ಹೊಡೆಯುತ್ತೇವೆ ಅಂತ ನಮಗೇ ಗೊತ್ತು. ಆ ಮಣ್ಣಾಗಲಿ, ಆ ಬದುವಿನ ಹುಲ್ಲಾಗಲಿ ಬೇಡ. ಬೀಳುಬಿದ್ದ ಗುಡ್ಡದಂಚಿನ ಕೆಂಪು ಮಣ್ಣು ತಂದು, ಜರಡಿ ಹಿಡಿದು, ಎರಡು ಮೂರು ದಿನ ಸುಡು ಬಿಸಿಲಲ್ಲಿ ಹರವಿ ಆಮೇಲೆ ಹಾಕಿ.

ಐದು ಇಂಚು ಆಳ ಇರಬೇಕು, ಮರಿ ಅದರಲ್ಲಿ ಹುದುಗಿ ಮಲಗುತ್ತದೆ. ನೀರನ್ನು ಮೇಲೆ ಚಿಮುಕಿಸುವ ಬದಲು ನಾಲ್ಕು ಮೂಲೆಗೆ ಚೊಂಬಿನಲ್ಲಿ ಸುರಿಯಿರಿ. ನೀರು ತಳಕ್ಕಿಳಿದು ನಿಧಾನಕ್ಕೆ ಆವಿಯಾಗಿ ಮೇಲೆ ಬರುತ್ತದೆ. ತಳ ತೇವ, ಮೇಲ್ಪದರ ಹೆಚ್ಚು ಕಡಿಮೆ ಒಣ. ಮೇಲ್ಪದರ ಸದಾ ಒದ್ದೆ ಇದ್ದರೆ ಹೊಟ್ಟೆಯ ಕಡೆಯ ಚಿಪ್ಪು ಕೊಳೆಯುತ್ತದೆ.

ಮರಿಗೆ ಗೂಡಿನಲ್ಲಿ ತೇವಾಂಶ 60ರಿಂದ 80 ಶೇಕಡಾ ಬೇಕು. ನಮ್ಮಲ್ಲಿ ಬೇಸಿಗೆ ಮಧ್ಯಾಹ್ನ ಅದು 30ರ ಕೆಳಗೂ ಇಳಿಯುತ್ತದೆ. ಇದರಿಂದ ಏನಾಗುತ್ತದೆ? ಚಿಪ್ಪಿನ ಒಂದೊಂದು ಫಲಕವೂ ಗೋಪುರದ ಹಾಗೆ ಉಬ್ಬುತ್ತದೆ. ಜಾಸ್ತಿ ಪ್ರೋಟೀನ್ ತಿಂದರೆ ಹೀಗಾಗುತ್ತದೆ ಅಂತ ಬಹಳ ಕಾಲ ನಂಬಿದ್ದರು. 2003ರಲ್ಲಿ ಪ್ರಕಟವಾದ ವಿಯೆನ್ನಾದ ಪಶುವೈದ್ಯ ಸಂಶೋಧಕರ ಅಧ್ಯಯನ ಸಲ್ಕಾಟಾ ಮರಿಗಳನ್ನೇ ಬೇರೆ ಬೇರೆ ತೇವಾಂಶದಲ್ಲಿ, ಬೇರೆ ಬೇರೆ ಪ್ರೋಟೀನ್ ಕೊಟ್ಟು ಬೆಳೆಸಿ ನೋಡಿತು. ಒಣ ಗಾಳಿಯಲ್ಲಿ ಬೆಳೆದವುಗಳ ಚಿಪ್ಪು ಹೆಚ್ಚು ಉಬ್ಬಿತ್ತು, ಪ್ರೋಟೀನಿನ ಪಾತ್ರ ಅಷ್ಟೇನೂ ಇರಲಿಲ್ಲ. ಒಮ್ಮೆ ಉಬ್ಬಿದ ಚಿಪ್ಪು ಮತ್ತೆ ನಯವಾಗುವುದಿಲ್ಲ. ಮೊದಲ ಎರಡು ಬೇಸಿಗೆಯಲ್ಲಿ ನೀವು ಕೊಡುವ ತೇವವನ್ನು ಆ ಪ್ರಾಣಿ ಐವತ್ತು ವರ್ಷ ಬೆನ್ನ ಮೇಲೆ ಹೊತ್ತು ತಿರುಗುತ್ತದೆ.

ತಂಪಿನ ಮೂಲೆ

ಇದಕ್ಕೆ ಬೇಕಾದ ಸಾಮಾನು ಕುಂಬಾರರ ಅಂಗಡಿಯಲ್ಲಿದೆ. ಮಣ್ಣಿನ ಗಡಿಗೆ ಒಂದನ್ನು ತನ್ನಿ, ಬಾಯಿ ಆಮೆಗಿಂತ ಎರಡರಷ್ಟು ಅಗಲ ಇರಲಿ. ಅದನ್ನು ಅಡ್ಡ ಮಲಗಿಸಿ ಅರ್ಧದವರೆಗೆ ಮಣ್ಣಲ್ಲಿ ಹೂಳಿ, ಒಳಗೂ ಮೂರು ಇಂಚು ಒದ್ದೆ ಮಣ್ಣು ತುಂಬಿ. ಬಾಯಿಯ ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿ ನಯ ಮಾಡಿ. ಬೆಳಿಗ್ಗೆ, ಮಧ್ಯಾಹ್ನ ಗಡಿಗೆಯ ಹೊರಮೈಗೆ ನೀರು ಹಾಕಿದರೆ ಸಾಕು. ನಾವು ಕುಡಿಯುವ ನೀರನ್ನು ತಂಪು ಮಾಡುವ ಕೆಲಸವನ್ನೇ ಅದು ಇಲ್ಲಿಯೂ ಮಾಡುತ್ತದೆ. ಸಹೇಲ್‌ನ ಬಿಲದಲ್ಲಿ ಇದ್ದದ್ದೆಲ್ಲ, ಕತ್ತಲು, ತಂಪು, ಪಸೆ, ಈ ಒಂದು ಗಡಿಗೆಯಲ್ಲಿದೆ.

ಏಪ್ರಿಲ್, ಮೇನಲ್ಲಿ ತಂಪಿನ ಅರ್ಧ ಭಾಗದ ಮೇಲೆ ಒದ್ದೆ ಗೋಣಿಚೀಲ ಹೊದಿಸಿ. ಕೋಣೆಗೆ ಕೂಲರ್ ಹಾಕಿದರೆ ತಾಪವೂ ಇಳಿಯುತ್ತದೆ, ತೇವವೂ ಏರುತ್ತದೆ, ನಮ್ಮ ಒಣ ಬೇಸಿಗೆಗೆ ಎಸಿಗಿಂತ ಅದೇ ಒಳ್ಳೆಯದು. ಎಸಿ ಗಾಳಿಯನ್ನು ಇನ್ನೂ ಒಣಗಿಸುತ್ತದೆ. ಕೂಲರಿನ ಗಾಳಿ ನೇರ ಗೂಡಿಗೆ ಹೊಡೆಯದ ಹಾಗೆ ತಿರುಗಿಸಿಡಿ. ಕರೆಂಟ್ ಹೋಗುವ ಹೊತ್ತಿಗೆ ಗಡಿಗೆ, ಗೋಣಿಚೀಲಗಳೇ ದಿಕ್ಕು. ಅವಕ್ಕೆ ಕರೆಂಟ್ ಬೇಡ.

ತಾಪವನ್ನು ಕೈಯಿಂದ ಮುಟ್ಟಿ ಅಂದಾಜು ಮಾಡಬೇಡಿ. ಎರಡು ತುದಿಗೆ ಎರಡು ಡಿಜಿಟಲ್ ಮೀಟರ್ ಇಡಿ, ತಾಪ, ತೇವ ಎರಡೂ ತೋರಿಸುವಂಥವು. ಆಮೆಯ ಬೆನ್ನಿನ ಎತ್ತರಕ್ಕೇ ಇಡಬೇಕು. ಗೋಡೆಯ ಮೇಲ್ತುದಿಗೆ ತಗುಲಿಸಿದ ಮೀಟರ್ ನಿಮಗೆ ಕೋಣೆಯ ಸುದ್ದಿ ಹೇಳುತ್ತದೆ, ಗೂಡಿನದ್ದಲ್ಲ.

ಬೆಳಕು, ಬಿಸಿ

ಆಮೆಗೆ ಎರಡು ಬೇರೆ ಬೇರೆ ಬೆಳಕು ಬೇಕು. ಒಂದು ಬಿಸಿಗೆ, ಒಂದು ಯುವಿಬಿಗೆ. ಯುವಿಬಿ ಅಂದರೆ ಸೂರ್ಯನ ಬೆಳಕಿನಲ್ಲಿ ಕಣ್ಣಿಗೆ ಕಾಣದ ಒಂದು ಭಾಗ. ಅದು ಚರ್ಮಕ್ಕೆ ಬಿದ್ದರೆ ಮೈಯಲ್ಲಿ ಡಿ3 ವಿಟಮಿನ್ ತಯಾರಾಗುತ್ತದೆ. ಡಿ3 ಇಲ್ಲದೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಎಷ್ಟೇ ಒಳ್ಳೆಯ ಸೊಪ್ಪು ಹಾಕಿದರೂ ಚಿಪ್ಪು ಮೆತ್ತಗಾಗಿ, ಮೂಳೆ ಬಾಗುತ್ತದೆ. ಕಿಟಕಿ ಪಕ್ಕ ಇಟ್ಟಿದ್ದೀನಲ್ಲ ಅನ್ನಬೇಡಿ. ಕಿಟಕಿಯ ಗಾಜು ಬಿಸಿಯನ್ನು ಒಳಬಿಡುತ್ತದೆ, ಯುವಿಬಿಯನ್ನು ಹೆಚ್ಚು ಕಡಿಮೆ ಪೂರ್ತಿ ತಡೆಯುತ್ತದೆ.

ನಮ್ಮ ಊರಿನ ದೊಡ್ಡ ಭಾಗ್ಯ ಇಲ್ಲಿದೆ. ವರ್ಷದ ಬಹುಪಾಲು ದಿನ ಬಿಸಿಲಿದೆ. ಬೆಳಿಗ್ಗೆ 8ರಿಂದ 9ರ ನಡುವೆ ಅರ್ಧ ಗಂಟೆ ಅಂಗಳದಲ್ಲೋ ಮಾಳಿಗೆಯಲ್ಲೋ, ಅರ್ಧ ನೆರಳು ಇರುವ ಕಡೆ, ಕಾವಲಿದ್ದು ಬಿಡಿ. ಬೇರೆ ಯಾವ ಟ್ಯೂಬೂ ಅದಕ್ಕೆ ಸಮವಲ್ಲ. ಪ್ಲಾಸ್ಟಿಕ್ ಟಬ್ಬಿನಲ್ಲಿ ಕೂರಿಸಿ ಬಿಸಿಲಿಗೆ ಇಟ್ಟು ಒಳಗೆ ಹೋಗಬೇಡಿ, ಸ್ವಲ್ಪ ಹೊತ್ತಿನಲ್ಲೇ ಅದು ಕಾದು ಪ್ರಾಣಕ್ಕೆ ಬರುತ್ತದೆ. ದಿನಾ ಇದು ಆಗದವರಿಗೆ, ಮಳೆಗಾಲದ ಮೋಡದ ದಿನಗಳಿಗೆ, ಟ್ಯೂಬ್ ಬೇಕು. ಎರಡಡಿ ಉದ್ದದ ಟಿ5 ಯುವಿಬಿ ಟ್ಯೂಬನ್ನು ಬಿಸಿ ತುದಿಯ ಮೇಲೆ ಹಾಕಿ, ಎತ್ತರ ಡಬ್ಬಿಯ ಮೇಲೆ ಬರೆದಷ್ಟು. ನಡುವೆ ಗಾಜು, ಪ್ಲಾಸ್ಟಿಕ್ ಇರಬಾರದು. ಟ್ಯೂಬ್ ಉರಿಯುತ್ತಲೇ ಇದ್ದರೂ ಅದರ ಯುವಿಬಿ ಕಾಲ ಕಳೆದಂತೆ ಕುಗ್ಗುತ್ತದೆ, ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಬದಲಿಸಬೇಕು. ಹಾಕಿದ ತಾರೀಖನ್ನು ಅದರ ತುದಿಗೇ ಬರೆದಿಡಿ.

ಬಿಸಿಯ ಬಲ್ಬ್‌ಗೆ ಸಾಮಾನ್ಯ ಹ್ಯಾಲೊಜನ್ ಸಾಕು. ಪ್ಲಾಸ್ಟಿಕ್ ಹೋಲ್ಡರ್ ಕರಗುತ್ತದೆ, ಪಿಂಗಾಣಿಯದೇ ಬೇಕು. ವೈರಿನಲ್ಲಿ ನೇತುಹಾಕದೆ ಸರಪಳಿಯಲ್ಲಿ ಹಾಕಿ. ನೀರು, ಕರೆಂಟ್ ಎರಡೂ ಹತ್ತಿರ ಇರುವುದರಿಂದ ಆ ಸಾಲಿಗೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿದುಬಿಡುವ ಸ್ವಿಚ್) ಇದೆಯಾ ಅಂತ ಎಲೆಕ್ಟ್ರಿಷಿಯನ್‌ ಹತ್ತಿರ ನೋಡಿಸಿ. ಬಲ್ಬಿನ ಕೆಳಗೆ ಒಂದು ಚಪ್ಪಟೆ ಕಲ್ಲು ಇಡಿ, ಕಡಪಾ ಕಲ್ಲಿನ ತುಂಡು ಆದೀತು. ಅಲ್ಲೇ ಎತ್ತರದ ಕಲ್ಲುಗಳನ್ನು ಪೇರಿಸಬೇಡಿ. ಬಲ್ಬಿನ ಕೆಳಗೆ ಅಂಗಾತ ಬಿದ್ದ ಆಮೆ ಏಳಲಾಗದೆ ಅಲ್ಲೇ ಸಾಯುತ್ತದೆ. ಕೆಳಗಿನಿಂದ ಬಿಸಿ ಮಾಡುವ ಮ್ಯಾಟ್, ಬಿಸಿ ಕಲ್ಲು ಬೇಡ. ಸೂರ್ಯ ಮೇಲಿರುತ್ತಾನೆ, ಆಮೆ ಕಲಿತಿರುವುದು ಅದನ್ನೇ.

ಮಾರ್ಚ್ ಕೊನೆಯಿಂದ ಜೂನ್ ಮಳೆ ಬೀಳುವವರೆಗೆ ಹೆಚ್ಚಿನ ಮನೆಗಳಲ್ಲಿ ಬಿಸಿ ಬಲ್ಬ್ ಬೇಡವೇ ಬೇಡ. ಯುವಿಬಿ ಟ್ಯೂಬ್ ಒಂದೇ ಸಾಕು. ಟೈಮರ್ ಹಾಕಿ ಮರೆತ ಬಲ್ಬ್ ಮೇ ತಿಂಗಳ ಮಧ್ಯಾಹ್ನ ಉರಿಯುತ್ತಿರುವುದಕ್ಕಿಂತ ಅಪಾಯ ಈ ಗೂಡಿನಲ್ಲಿ ಇನ್ನೊಂದಿಲ್ಲ. ಥರ್ಮೋಸ್ಟಾಟ್ ಹಾಕಿದರೆ ತಾನೇ ಆರುತ್ತದೆ, ಆ ಖರ್ಚಿಗೆ ಹಿಂದೆ ಮುಂದೆ ನೋಡಬೇಡಿ. ಚಳಿಗಾಲದ ಲೆಕ್ಕ ಬೇರೆ. ಡಿಸೆಂಬರ್, ಜನವರಿ ರಾತ್ರಿ 16 ಡಿಗ್ರಿ ಆಸುಪಾಸು ಇಳಿದಾಗ ಮರಿಗೆ ಬೆಳಕಿಲ್ಲದ ಸೆರಾಮಿಕ್ ಹೀಟರ್ ಬೇಕು, ಗೂಡು 22–24ರ ಕೆಳಗೆ ಹೋಗಬಾರದು. ಸಲ್ಕಾಟಾ ಚಳಿಗಾಲದ ನಿದ್ದೆ ಮಾಡುವ ಜಾತಿ ಅಲ್ಲ. ಚಳಿ ಮತ್ತು ತೇವ ಎರಡೂ ಸೇರಿದರೆ ನೆಗಡಿ, ಮೂಗಲ್ಲಿ ಗುಳ್ಳೆ ಶುರು.

ಇನ್ನುಳಿದ ಸಾಮಾನು

ನೀರಿಗೆ ಹೂಕುಂಡದ ಕೆಳಗಿಡುವ ಮಣ್ಣಿನ ತಟ್ಟೆ. ಅಂಚಿನ ಮಟ್ಟಕ್ಕೆ ಹೂಳಿ, ನೀರು ಗದ್ದದ ಮಟ್ಟ ದಾಟದಿರಲಿ. ಅದರಲ್ಲೇ ಗಲೀಜು ಮಾಡುತ್ತದೆ, ದಿನಕ್ಕೆ ಎರಡು ಸಲ ತೊಳೆಯಿರಿ. ಮರಿಯನ್ನು ದಿನಾ 15–20 ನಿಮಿಷ ಉಗುರುಬೆಚ್ಚಗಿನ ನೀರಲ್ಲಿ ಬೇರೆ ಪಾತ್ರೆಯಲ್ಲಿ ಕೂರಿಸುವುದೂ ಇದೆ. ಊಟಕ್ಕೆ ಒರಟು ಕಲ್ಲು ಇಟ್ಟರೆ ಮೂತಿ, ಉಗುರು ಸವೆಯುತ್ತ ಹದದಲ್ಲಿರುತ್ತವೆ. ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಸಮುದ್ರ ನೊರೆಯ (ಕಟಲ್‌ಬೋನ್) ತುಂಡು ಒಂದು ಮೂಲೆಯಲ್ಲಿರಲಿ, ಕ್ಯಾಲ್ಸಿಯಂ ಬೇಕಾದಾಗ ತಾನೇ ಕಡಿಯುತ್ತದೆ.

ಗಿಡ ನೆಟ್ಟರೆ ನೆರಳೂ ಆಯಿತು, ಮೇವೂ ಆಯಿತು. ಮುಳ್ಳು ತೆಗೆದ ಪಾಪಸುಕಳ್ಳಿ, ಸಣ್ಣ ದಾಸವಾಳ, ಗರಿಕೆ ಹುಲ್ಲು ಹೊಂದುತ್ತವೆ. ಮನಿ ಪ್ಲಾಂಟ್ ಬೇಡ. ಮನೆ ಮುಂದೆ ಎಲ್ಲ ಕಡೆ ಬೆಳೆಸುವ ಕಣಗಿಲೆಯ ಒಂದು ಎಲೆಯೂ ಗೂಡಿಗೆ ಬೀಳಬಾರದು, ಅದು ವಿಷ. ಎಳೆ ಜೋಳದ ಪೈರನ್ನು ಹಸಿರು ಮೇವು ಅಂತ ಹಾಕಬೇಡಿ. ಅದನ್ನು ಮೇಯ್ದ ದನಗಳಿಗೆ ಏನಾಗುತ್ತದೆ ಅಂತ ನಮ್ಮ ರೈತರಿಗೆ ಚೆನ್ನಾಗಿ ಗೊತ್ತು, ಅದರಲ್ಲಿ ಸಯನೈಡ್ ಹುಟ್ಟಿಸುವ ಅಂಶ ಇದೆ. ದಿನದ ಊಟದಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಹುಲ್ಲೇ ಇರಬೇಕು. ಅನ್ನ, ರೊಟ್ಟಿ, ಟೊಮೆಟೊ, ಬಾಳೆಹಣ್ಣು ಬೇಡ.

ಕೆಂಪಿರುವೆ ಹತ್ತಿದರೆ ಇರುವೆ ಚಾಕ್ ಎಳೆಯಬೇಡಿ, ಆಮೆ ಅದನ್ನೂ ನೆಕ್ಕಬಹುದು. ಇಟ್ಟಿಗೆ ತೆಗೆದು ಪೆಟ್ಟಿಗೆಗೆ ಗಟ್ಟಿಯಾದ ಕಾಲು ಹೊಡೆಸಿ, ಹಳೇ ಅಡುಗೆ ಕಪಾಟಿನ ಹಾಗೆ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡಿ. ಆಮೆಯ ಮೈ ಮೇಲೆ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಮುಟ್ಟಿದ ಮೇಲೆ ಮಕ್ಕಳು ಸೋಪು ಹಚ್ಚಿ ಕೈ ತೊಳೆಯಲೇಬೇಕು, ಗೂಡಿನ ತಟ್ಟೆಗಳನ್ನು ಅಡುಗೆ ಮನೆ ಸಿಂಕಿನಲ್ಲಿ ತೊಳೆಯಬಾರದು.

ಚಿಪ್ಪು 6 ಇಂಚು ದಾಟಿದರೆ ಅದೇ ಲೆಕ್ಕದಲ್ಲಿ ದೊಡ್ಡ ಪೆಟ್ಟಿಗೆ ಬೇಕು, ಒಂದಡಿ ದಾಟುವ ಹೊತ್ತಿಗೆ ಪೆಟ್ಟಿಗೆಯ ಕೆಲಸವೇ ಮುಗಿದಿರುತ್ತದೆ. ಆಗ ಅಂಗಳ ಬೇಕು, ಸುತ್ತ ಎರಡಡಿ ಗೋಡೆ ಬೇಕು. ಬಿಲ ತೋಡಿ ಆಚೆ ಹೋಗದ ಹಾಗೆ ಆ ಗೋಡೆಯ ಅಡಿಪಾಯ ಇನ್ನೊಂದು ಎರಡಡಿ ನೆಲದೊಳಗೆ ಇಳಿದಿರಬೇಕು. ಆ ಅಂಗಳ ಎಲ್ಲಿದೆ ಅಂತ ಮರಿ ತರುವ ಮೊದಲೇ ಗೊತ್ತಿರಲಿ, ಯಾಕಂದ್ರೆ ಬೆಳೆದ ಸಲ್ಕಾಟಾವನ್ನು ಗುಡ್ಡಕ್ಕೋ ತುಂಗಭದ್ರೆಯ ದಂಡೆಗೋ ಒಯ್ದು ಬಿಡುವಂತಿಲ್ಲ. ಅದು ಇಲ್ಲಿಯ ಪ್ರಾಣಿ ಅಲ್ಲ. ಅದರ ಮೈಯಲ್ಲಿರುವ ರೋಗ ನಮ್ಮ ನಕ್ಷತ್ರ ಆಮೆಗಳಿಗೆ ಹತ್ತಬಹುದು.